13ನೇ ಕುಮಾವೂನ್ ಮತ್ತು ರೆಜಾಂಗ್ ಲಾ: ಬದುಕಿ ಬಂದವರ ಮಾತು ಮೂರು ತಿಂಗಳು ಏಕೆ ಕಾಯಬೇಕಾಯಿತು?

ವಿಷಯ ಆರಂಭಿಸಿದವರು

1962ರ ನವೆಂಬರ್ 18ರ ಬೆಳಗಿನ ಜಾವ, ಲಡಾಖಿನ ಚುಶೂಲ್ ಕಣಿವೆಗೆ ಆಗ್ನೇಯದಿಂದ ಇಳಿಯುವ ರೆಜಾಂಗ್ ಲಾ ಎಂಬ ಘಟ್ಟದ ಮೇಲೆ ಚೀನೀ ಸೇನೆ ದಾಳಿ ಮಾಡಿದಾಗ ಅದನ್ನು ಕಾಯುತ್ತಿದ್ದದ್ದು ಕುಮಾವೂನ್ ರೆಜಿಮೆಂಟಿನ 13ನೇ ಬೆಟಾಲಿಯನ್ನಿನ ಚಾರ್ಲಿ ಕಂಪನಿ ಒಂದೇ. ಮೇಜರ್ ಶೈತಾನ್ ಸಿಂಗ್ ಅವರ ಕೈಕೆಳಗಿದ್ದ ಸುಮಾರು 120 ಮಂದಿಯಲ್ಲಿ 114 ಮಂದಿ ಅಲ್ಲಿ ಪ್ರಾಣ ಬಿಟ್ಟರು. ಇಷ್ಟು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. ನವೆಂಬರ್ ಬಂದಾಗ ಪತ್ರಿಕೆಗಳೂ ನೆನಪಿಸುತ್ತವೆ. ನಾನು ಇಲ್ಲಿ ಚರ್ಚೆಗೆ ಇಡಬೇಕೆಂದಿರುವುದು ಆ ದಿನದ ನಂತರದ ಮೂರು ತಿಂಗಳ ಸಂಗತಿಯನ್ನು.

ಬೆರಳೆಣಿಕೆಯಷ್ಟು ಮಂದಿ ಗಾಯಗಳೊಂದಿಗೆ ಬದುಕಿ ಉಳಿದರು. ಕೆಲವರು ಹೇಗೋ ಬೆಟ್ಟ ಇಳಿದು ಬಂದರು; ಸೆರೆ ಸಿಕ್ಕವರಲ್ಲಿ ಒಬ್ಬ ಸಿಪಾಯಿ ತಪ್ಪಿಸಿಕೊಂಡು ಬಂದರು. ಕಂಪನಿ ಕೊನೆಯವರೆಗೂ ಹೋರಾಡಿತು, ಯಾರೂ ತಮ್ಮ ಮೋರ್ಚೆ ಬಿಟ್ಟು ಕದಲಲಿಲ್ಲ ಎಂದು ಅವರು ಹೇಳಿದ್ದನ್ನು ಆಗ ಪೂರ್ತಿಯಾಗಿ ನಂಬಿದವರು ಕಡಿಮೆ. 1963ರ ಫೆಬ್ರವರಿಯಲ್ಲಿ ಕುರಿಗಾಹಿಯೊಬ್ಬ ಆ ಎತ್ತರಕ್ಕೆ ಹೋಗಿ ಕಂಡದ್ದನ್ನು ಹೇಳಿದ ಮೇಲೆ ಶೋಧ ತಂಡ ಹೊರಟಿತು. ಹೆಪ್ಪುಗಟ್ಟಿದ್ದ ದೇಹಗಳು ತಮ್ಮ ತಮ್ಮ ಮೋರ್ಚೆಗಳಲ್ಲೇ, ಹಲವರ ಕೈಯಲ್ಲಿ ಆಯುಧ ಇರುವಂತೆಯೇ ಸಿಕ್ಕವು. ಮೂರು ತಿಂಗಳ ಹಿಂದೆ ಬದುಕಿ ಬಂದವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಈ ಬೆಟಾಲಿಯನ್ನಿನ ಬಗ್ಗೆ ಬರೆಯುವವರೆಲ್ಲ ಆ ದೇಹಗಳನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ. ಆದರೆ ಮೊದಲ ಸಾಕ್ಷಿ ಜೀವಂತ ಮನುಷ್ಯರದ್ದಾಗಿತ್ತು ಎಂಬುದು ಹಿಂದೆ ಸರಿದುಬಿಟ್ಟಿದೆ ಎಂದು ನನಗೆ ಅನ್ನಿಸುತ್ತದೆ. ತಿಳಿದವರು ಬರೆಯಬೇಕೆಂದು ವಿನಂತಿ.

ನಿವೃತ್ತ ಸುಬೇದಾರ್, ಆರ್ಟಿಲರಿ

ನಾನು 1962ಕ್ಕೆ ಬಹಳ ನಂತರ ಸೇನೆಗೆ ಸೇರಿದವನು. ಲಡಾಖಿನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ನನ್ನ ಕಸುಬಿನ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಏಕೆಂದರೆ ನಂಬಿಕೆಯ ಪ್ರಶ್ನೆಯ ಬೇರು ಅಲ್ಲೇ ಇದೆ.

ಚುಶೂಲಿನಲ್ಲಿ 13ನೇ ಫೀಲ್ಡ್ ರೆಜಿಮೆಂಟಿನ 25 ಪೌಂಡರ್ ತೋಪುಗಳಿದ್ದವು. ಅಕ್ಟೋಬರ್ ಕೊನೆಯಲ್ಲಿ 20 ಲ್ಯಾನ್ಸರ್ಸ್‌ನ ಎಎಂಎಕ್ಸ್-13 ಟ್ಯಾಂಕುಗಳನ್ನು ಎಎನ್-12 ವಿಮಾನಗಳಲ್ಲಿ ತಂದು ಅಲ್ಲಿನ ಏರ್‌ಸ್ಟ್ರಿಪ್ಪಿನಲ್ಲಿ ಇಳಿಸಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಇಳಿಸಿದ್ದೇ ಒಂದು ಸಾಹಸ. ಮುಖ್ಯ ದಾಳಿ ಸ್ಪಂಗೂರ್ ಗ್ಯಾಪ್ ಎಂಬ ಬೆಟ್ಟಗಳ ನಡುವಣ ದಾರಿಯ ಮೂಲಕ ಬರುತ್ತದೆಂಬ ಅಂದಾಜಿನ ಮೇಲೆ ರಕ್ಷಣೆಯ ಏರ್ಪಾಡಾಗಿತ್ತು. ರೆಜಾಂಗ್ ಲಾ ಆ ಏರ್ಪಾಡಿನ ಒಂಟಿ ಅಂಚು. ತೋಪುಗಳಿಗೂ ಆ ಘಟ್ಟಕ್ಕೂ ನಡುವೆ ಬೆಟ್ಟದ ಏಣು ಅಡ್ಡ ಇತ್ತು. ಇದನ್ನು ನಾವು 'ಕ್ರೆಸ್ಟ್ ಆಗಿದೆ' ಎನ್ನುತ್ತೇವೆ: ಗುಂಡು ಏಣಿಗೆ ತಗುಲದಂತೆ ಎತ್ತಿ ಹೊಡೆದರೆ ಗುರಿಯನ್ನು ದಾಟಿಹೋಗುತ್ತದೆ, ಗುರಿಗೆ ಸರಿಯಾಗಿ ಹೊಡೆಯಹೊರಟರೆ ಏಣಿಗೇ ಬಡಿಯುತ್ತದೆ. ಹಾಗಾಗಿ ಚಾರ್ಲಿ ಕಂಪನಿಗೆ ತೋಪಿನ ಬೆಂಬಲ ಒಂದು ಗುಂಡಿನಷ್ಟೂ ಸಿಗುವಂತಿರಲಿಲ್ಲ, ಮತ್ತು ಅದು ಅವರಿಗೆ ಮೊದಲೇ ಗೊತ್ತಿತ್ತು. ಅವರ ಬಳಿ ಇದ್ದದ್ದು ತಮ್ಮದೇ ಮಾರ್ಟರ್‌ಗಳು, ಕೆಲವು ಎಲ್‌ಎಂಜಿ (ಹಗುರ ಮೆಷಿನ್‌ಗನ್), ಉಳಿದಂತೆ .303 ರೈಫಲ್. ಆ ರೈಫಲ್ಲಿನ ಮ್ಯಾಗಜಿನ್ನಿನಲ್ಲಿ ಹತ್ತು ಗುಂಡು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ಎದುರಿನವರ ಕೈಯಲ್ಲಿ ತಾನೇ ಲೋಡ್ ಆಗುವ ಆಯುಧಗಳಿದ್ದವು.

ಈಗ ನಂಬಿಕೆಯ ಪ್ರಶ್ನೆ. ಫಿರಂಗಿ ಹೊಡೆದಿದ್ದರೆ ತೋಪಿನ ನೆಲೆಯಲ್ಲಿ ದಾಖಲೆ ಇರುತ್ತಿತ್ತು: ಎಷ್ಟು ಹೊತ್ತಿಗೆ, ಯಾವ ಗುರಿಗೆ, ಎಷ್ಟು ಗುಂಡು ಎಂದು. ವೈರ್‌ಲೆಸ್ ಕೊನೆಯವರೆಗೂ ಉಳಿದಿದ್ದರೆ ಬೆಟಾಲಿಯನ್ ಕೇಂದ್ರದಲ್ಲಿ ಲಾಗ್ ಇರುತ್ತಿತ್ತು. ಇಲ್ಲಿ ತೋಪು ಮಾತಾಡಲೇ ಇಲ್ಲ, ಸಂಪರ್ಕವೂ ಕಡಿದುಹೋಯಿತು. ಕಾಳಗ ನಡೆದದ್ದು ಯಾರ ಕಣ್ಣಿಗೂ ಕಿವಿಗೂ ನಿಲುಕದ ಜಾಗದಲ್ಲಿ. ಬದುಕಿ ಬಂದವರ ಮಾತನ್ನು ತಾಳೆ ನೋಡಲು ಕಾಗದವೇ ಇರಲಿಲ್ಲ. ಸೇನೆ ಕಾಗದವನ್ನು ನಂಬುವ ಸಂಸ್ಥೆ. ಇದನ್ನು ದೂರಾಗಿ ಹೇಳುತ್ತಿಲ್ಲ, ನಾನೂ ಹಾಗೆಯೇ ಬೆಳೆದವನು.

ಇತಿಹಾಸ ಅಧ್ಯಾಪಕಿ

ಸುಬೇದಾರ್ ಸಾಹೇಬರು ಹೇಳಿದ ಕಾರಣಕ್ಕೆ ಕಾಲದ ಸಂದರ್ಭವನ್ನೂ ಸೇರಿಸಬೇಕು. ಅದೇ ನವೆಂಬರ್ 18ರ ಆಸುಪಾಸಿನಲ್ಲಿ ಪೂರ್ವದಲ್ಲಿ, ಆಗ ನೇಫಾ ಎನ್ನುತ್ತಿದ್ದ ಈಗಿನ ಅರುಣಾಚಲ ಪ್ರದೇಶದಲ್ಲಿ, ಸೆ ಲಾ ಮತ್ತು ಬೊಮ್ಡಿಲಾ ಕೈಬಿಟ್ಟವು. ದೇಶಕ್ಕೆ ಮುಟ್ಟುತ್ತಿದ್ದ ಸುದ್ದಿಯೆಲ್ಲ ಹಿಮ್ಮೆಟ್ಟುವಿಕೆಯದ್ದು, ಚದುರಿದ ತುಕಡಿಗಳದ್ದು. ನವೆಂಬರ್ 21ಕ್ಕೆ ಚೀನಾ ಏಕಪಕ್ಷೀಯವಾಗಿ ಕದನ ವಿರಾಮ ಘೋಷಿಸಿತು. ಹೀಗೆ ಎಲ್ಲವೂ ಕುಸಿದಂತೆ ಕಾಣುತ್ತಿದ್ದಾಗ, ಇಡೀ ಕಂಪನಿ ಕದಲದೆ ನಿಂತು ಮಡಿಯಿತು ಎಂದು ನಾಲ್ಕಾರು ಗಾಯಾಳುಗಳು ಹೇಳಿದರೆ, ಕೇಳುವವರ ಮನಸ್ಸು ಮೊದಲು 'ನೀವು ಮಾತ್ರ ಹೇಗೆ ಉಳಿದಿರಿ?' ಎಂಬ ಪ್ರಶ್ನೆಗೇ ಹೋಗುತ್ತದೆ. ಆ ಪ್ರಶ್ನೆಯಲ್ಲಿ ಇರುವ ಕ್ರೌರ್ಯ ಕೇಳುವವನಿಗೆ ಕಾಣುವುದಿಲ್ಲ. ಗಾಯಗೊಂಡು, ಜೊತೆಗಾರರನ್ನೆಲ್ಲ ಕಳೆದುಕೊಂಡು, ಹಿಮದಲ್ಲಿ ತೆವಳಿ ಬಂದವನು ತಾನು ಓಡಿ ಬಂದವನಲ್ಲ ಎಂದು ಸಾಬೀತುಪಡಿಸಬೇಕಾದ ಸ್ಥಿತಿಯನ್ನು ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದರ ಜೊತೆಗೇ ಒಂದು ಎಚ್ಚರಿಕೆ. ಈ ಕಾಳಗದಿಂದಾಗಿಯೇ ಚುಶೂಲ್ ಉಳಿಯಿತು, ಲಡಾಖ್ ಉಳಿಯಿತು ಎಂದು ಬರೆಯುವುದು ವಾಡಿಕೆಯಾಗಿದೆ. ಚುಶೂಲ್ ಗ್ರಾಮ ಮತ್ತು ಅಲ್ಲಿನ ಏರ್‌ಸ್ಟ್ರಿಪ್ ಚೀನಾದ ಕೈಗೆ ಹೋಗಲಿಲ್ಲ ಎಂಬುದು ನಿಜ. ಆದರೆ ಆ ಭಾಗದಲ್ಲಿ ಚೀನೀ ಸೇನೆ ತಾನು ತನ್ನದೆಂದು ಹೇಳಿಕೊಳ್ಳುತ್ತಿದ್ದ ಗೆರೆಯ ಬಳಿ ನಿಂತಿತು ಎಂಬುದೂ ನಿಜ. ಒಂದು ಕಂಪನಿಯ ಬಲಿದಾನಕ್ಕೆ ನಾವು ಕೊಡುವ ಗೌರವ, ಅದರಿಂದ ಯುದ್ಧದ ಫಲಿತಾಂಶ ಬದಲಾಯಿತೋ ಇಲ್ಲವೋ ಎಂಬುದರ ಮೇಲೆ ನಿಲ್ಲಬೇಕಾಗಿಲ್ಲ.

ಹೊಸ ಓದುಗ

ಮೇಡಂ, ಒಂದು ಸಣ್ಣ ಅನುಮಾನ. ಕುಮಾವೂನ್ ಎಂದರೆ ಉತ್ತರಾಖಂಡದ ಬೆಟ್ಟ ಪ್ರದೇಶವಲ್ಲವೇ? ಆದರೆ ಈ ಕಂಪನಿಯವರೆಲ್ಲ ಹರಿಯಾಣದ ಅಹೀರ ಸಮುದಾಯದವರು ಎಂದು ಓದಿದ್ದೇನೆ. ಬಯಲಿನವರು ಕುಮಾವೂನ್ ರೆಜಿಮೆಂಟಿನಲ್ಲಿ ಹೇಗೆ? ಇನ್ನೊಂದು, ಅವರು ಶತ್ರುಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದರು ಎಂದು ಎಲ್ಲೆಡೆ ಬರೆದಿರುತ್ತಾರೆ. ಅದನ್ನು ಇಲ್ಲಿ ಯಾರೂ ಹೇಳಲಿಲ್ಲವಲ್ಲ?

ಇತಿಹಾಸ ಅಧ್ಯಾಪಕಿ

ಸಣ್ಣ ಅನುಮಾನವಲ್ಲ, ಒಳ್ಳೆಯ ಪ್ರಶ್ನೆ. ಇದರ ಉತ್ತರ ನಮ್ಮ ಸೀಮೆಯನ್ನೂ ಮುಟ್ಟಿ ಹೋಗುತ್ತದೆ.

ಈ ರೆಜಿಮೆಂಟಿನ ಮೂಲ ಹೈದರಾಬಾದ್ ನಿಜಾಮರ ಹಣದಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಬೆಳೆದ ಹೈದರಾಬಾದ್ ಕಂಟಿಂಜೆಂಟ್. ಅದರ ಒಂದು ಛಾವಣಿ ರಾಯಚೂರು ಸೀಮೆಯ ಲಿಂಗಸುಗೂರಿನಲ್ಲಿತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ಹೋದ ಪಡೆಗಳಲ್ಲಿ ಲಿಂಗಸುಗೂರಿನಿಂದ ಹೊರಟ ಕಂಟಿಂಜೆಂಟ್ ತುಕಡಿಯೂ ಸೇರಿತ್ತು. ಅದೇ ಪಡೆ ಮುಂದೆ 19ನೇ ಹೈದರಾಬಾದ್ ರೆಜಿಮೆಂಟ್ ಎನಿಸಿತು. ಹೆಸರು ದಖ್ಖನ್ನಿನದ್ದಾದರೂ ಅಷ್ಟು ಹೊತ್ತಿಗೆ ಭರ್ತಿಯಾಗುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರದವರು: ಕುಮಾವೂನಿಗಳು, ಜಾಟರು, ಅಹೀರರು. 1945ರ ಅಕ್ಟೋಬರಿನಲ್ಲಿ ಕುಮಾವೂನ್ ಎಂಬ ಹೆಸರು ಬಂದಿತು. ರಾಣಿಖೇತ್ ಅದರ ಕೇಂದ್ರವಾಯಿತು. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ಈ ರೆಜಿಮೆಂಟಿನವರೇ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಭಾಗದಲ್ಲಿ ಅದರ 8ನೇ ಬೆಟಾಲಿಯನ್ನನ್ನು ಮುನ್ನಡೆಸಿದರು. 1947ರ ನವೆಂಬರ್ 3ರಂದು ಬಡಗಾಂನಲ್ಲಿ ಮಡಿದು, ದೇಶದ ಮೊದಲ ಪರಮ ವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಸೋಮನಾಥ ಶರ್ಮಾ 4ನೇ ಕುಮಾವೂನಿನವರು.

13ನೇ ಬೆಟಾಲಿಯನ್ 1948ರಲ್ಲಿ ಕಟ್ಟಿದ್ದು. ಆರಂಭದಲ್ಲಿ ಅರ್ಧ ಕುಮಾವೂನಿಗಳು, ಅರ್ಧ ಅಹೀರರು. 1960ರಲ್ಲಿ ಅದನ್ನು ಪೂರ್ತಿ ಅಹೀರರ ಬೆಟಾಲಿಯನ್ನಾಗಿ ಮಾಡಿದರು. ರೇವಾಡಿ, ಗುಡಗಾಂವ್, ಮಹೇಂದ್ರಗಢದ ಕಡೆಯ ಹಳ್ಳಿಗಳ ಹುಡುಗರು. ಒಂದು ತಿದ್ದುಪಡಿ: 1962ರಲ್ಲಿ ಹರಿಯಾಣ ಎಂಬ ರಾಜ್ಯವೇ ಇರಲಿಲ್ಲ, ಅದು ಹುಟ್ಟಿದ್ದು 1966ರ ನವೆಂಬರ್ 1ರಂದು. ಆ ಮನೆಗಳಿಗೆ ಸಾವಿನ ಸುದ್ದಿ ಹೋದದ್ದು ಪಂಜಾಬಿನ ಹಳ್ಳಿಗಳಿಗೆ.

ಎರಡನೇ ಪ್ರಶ್ನೆಗೆ ವಿಷಯ ಆರಂಭಿಸಿದವರೇ ಉತ್ತರಿಸಲಿ.

ವಿಷಯ ಆರಂಭಿಸಿದವರು

ಶತ್ರುಗಳ ಸಾವಿನ ಸಂಖ್ಯೆಯನ್ನು ನಾನು ಬೇಕೆಂದೇ ಬರೆಯಲಿಲ್ಲ. ನಮ್ಮ ಕಡೆಯ 114 ಎಂಬುದು ಚುಶೂಲಿನ ಸ್ಮಾರಕದ ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆ; ಒಂದೊಂದಕ್ಕೂ ಹೆಸರಿದೆ, ಊರಿದೆ. ಎದುರು ಪಕ್ಷದ ಲೆಕ್ಕಕ್ಕೆ ಅಂಥ ಆಧಾರವಿಲ್ಲ. ಬದುಕಿ ಬಂದವರನ್ನು ನಂಬದೇ ಹೋದದ್ದು ಒಂದು ತಪ್ಪಾದರೆ, ಈಗ ಅವರ ಹೆಸರಿನಲ್ಲಿ ಸಿಕ್ಕ ಅಂಕಿಯನ್ನೆಲ್ಲ ಅಂಟಿಸುವುದು ಅದಕ್ಕೆ ಪ್ರಾಯಶ್ಚಿತ್ತವಾಗುವುದಿಲ್ಲ. ದೊಡ್ಡ ಅಂಕಿ ಕೇಳಿದವನಿಗೆ ಅನುಮಾನ ಹುಟ್ಟುತ್ತದೆ, ಆ ಅನುಮಾನ ನಿಜವಾದ ಸಂಗತಿಗೂ ಹರಡುತ್ತದೆ.

ಗಟ್ಟಿಯಾಗಿ ತಿಳಿದಿರುವುದು ಬೇಕಾದಷ್ಟಿದೆ. ಮೇಜರ್ ಅವರಿಗೆ ಸಂದ ಪರಮ ವೀರ ಚಕ್ರದ ಪ್ರಶಸ್ತಿಪತ್ರವನ್ನೇ ನೋಡಿ: ಸುಮಾರು 17,000 ಅಡಿ ಎತ್ತರ, ಮುಖ್ಯ ರಕ್ಷಣಾ ನೆಲೆಯಿಂದ ಬೇರೆಯಾಗಿದ್ದ ಜಾಗ. ದಾಳಿ ನಡೆಯುತ್ತಿದ್ದಷ್ಟು ಹೊತ್ತೂ ಮೇಜರ್ ಶೈತಾನ್ ಸಿಂಗ್ ಒಂದು ಪ್ಲಟೂನ್ ನೆಲೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಆ ಏಣಿನ ಮೇಲೆ ಒಂದು ನೆಲೆಗೂ ಇನ್ನೊಂದಕ್ಕೂ ನಡುವೆ ಬಯಲಾದ ಜಾಗವಿತ್ತು. ಅದನ್ನು ಗುಂಡಿನ ಮಳೆಯಲ್ಲಿ ದಾಟುವುದೆಂದರೆ ಏನೆಂಬುದನ್ನು ಸುಬೇದಾರ್ ಸಾಹೇಬರು ನನಗಿಂತ ಚೆನ್ನಾಗಿ ಬಲ್ಲರು. ಮೊದಲು ಎದುರಿನಿಂದ ಬಂದ ದಾಳಿಯನ್ನು ಕಂಪನಿ ಹಿಮ್ಮೆಟ್ಟಿಸಿತು. ನಂತರ ಫಿರಂಗಿಯ ಹೊಡೆತ, ಹಿಂಬದಿಯಿಂದ ಸುತ್ತಿ ಬಂದ ದಾಳಿ. ತೋಳಿಗೂ ಹೊಟ್ಟೆಗೂ ಪೆಟ್ಟು ಬಿದ್ದ ಮೇಜರ್ ಅವರನ್ನು ಸಿಪಾಯಿಗಳು ಹೊತ್ತು ಸಾಗಿಸತೊಡಗಿದರು. ಅವರ ಮೇಲೂ ಮೆಷಿನ್‌ಗನ್ ಗುಂಡು ಹಾರತೊಡಗಿದಾಗ, ನನ್ನನ್ನು ಇಲ್ಲೇ ಬಿಟ್ಟು ಹೋಗಿ ಎಂದು ಮೇಜರ್ ಆಜ್ಞೆ ಮಾಡಿದರು. ಅವರನ್ನು ಬಂಡೆಯೊಂದರ ಮರೆಯಲ್ಲಿ ಒರಗಿಸಿ ಬಂದರು. ಮೂರು ತಿಂಗಳ ನಂತರ ದೇಹ ಸಿಕ್ಕದ್ದು ಆ ಬಂಡೆಯ ಬಳಿಯೇ.

ಬಿಟ್ಟು ಬಂದೆವು ಎಂದು ಹೇಳುವುದು ಒಬ್ಬ ಸಿಪಾಯಿಗೆ ಎಷ್ಟು ಕಷ್ಟ ಎಂದು ಯೋಚಿಸಿ. ತಮ್ಮನ್ನು ತಾವು ಉಳಿಸಿಕೊಳ್ಳಲು ಕಥೆ ಕಟ್ಟುವವರು ಕಟ್ಟುವ ಕಥೆ ಇದಲ್ಲ. ಇದೊಂದೇ ಸಾಕಾಗಿತ್ತು ಅವರನ್ನು ನಂಬಲು.

ಲಡಾಖಿನಲ್ಲಿ ಕೆಲಸ ಮಾಡಿದ ವೈದ್ಯ

ಎತ್ತರದ ಬಗ್ಗೆ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 17,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ. ನೀರು ನೂರು ಡಿಗ್ರಿಗೆ ಬದಲು 83 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ, ಹಾಗಾಗಿ ಬೇಳೆ ಬೇಯುವುದಿಲ್ಲ. ಹೆಪ್ಪುಗಟ್ಟಿದ ನೆಲದಲ್ಲಿ ಮೋರ್ಚೆ ತೋಡುವವನು ಹತ್ತು ಏಟಿಗೊಮ್ಮೆ ನಿಂತು ಏದುಸಿರು ಬಿಡಬೇಕು. ಮೇಲೆ ಹೊದಿಸಲು ಆ ಸೀಮೆಯಲ್ಲಿ ಮರವೂ ಇಲ್ಲ. ಆ ಚಳಿಗೆ ತಕ್ಕ ಉಡುಪು ಅವರಿಗೆ ಇರಲಿಲ್ಲ. ಬೆರಳು ಮರಗಟ್ಟಿದ ಮೇಲೆ ಬೋಲ್ಟ್ ಎಳೆಯುವ ರೈಫಲ್ ನಡೆಸುವುದೆಂದರೆ, ಸುಬೇದಾರರು ಹೇಳಿದ ಹತ್ತು ಗುಂಡಿನ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಗಾಯದ ಮಾತು ಬೇರೆಯೇ. ರಕ್ತ ಹೋದ ದೇಹ ಬೆಚ್ಚಗಿರಲಾರದು, ತಣ್ಣಗಾದ ದೇಹದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟದು. ಒಂದು ಇನ್ನೊಂದನ್ನು ಹೆಚ್ಚಿಸುತ್ತ ಹೋಗುತ್ತದೆ. ಆ ಬೆಟ್ಟದಿಂದ ಗಾಯಾಳು ಒಬ್ಬ ಕಾಲ್ನಡಿಗೆಯಲ್ಲಿ ಕೆಳಗೆ ತಲುಪಿದನೆಂದರೆ, ಅವನು ಹೇಗೆ ಉಳಿದ ಎಂದು ಕೇಳುವುದು ವೈದ್ಯನ ಪ್ರಶ್ನೆಯಾಗಿ ಮಾತ್ರ ಸರಿ.

ನಿವೃತ್ತ ಸುಬೇದಾರ್, ಆರ್ಟಿಲರಿ

ಡಾಕ್ಟರೇ, ನಿಮ್ಮ ಕೊನೆಯ ಸಾಲನ್ನು ಎರಡು ಸಲ ಓದಿದೆ.

ಮಾರ್ಟರ್‌ಗಳ ಬಗ್ಗೆ ಹೇಳುವುದು ಉಳಿದಿತ್ತು. ಶೋಧ ತಂಡ ಮಾರ್ಟರ್ ನೆಲೆಯನ್ನು ಪರೀಕ್ಷಿಸಿದಾಗ, ಇದ್ದ ಸುಮಾರು ಸಾವಿರ ಬಾಂಬುಗಳಲ್ಲಿ ಉಳಿದಿದ್ದದ್ದು ಏಳು. ಆ ಏಳೂ ಹಾರಿಸಲು ಸಿದ್ಧವಾಗಿದ್ದವು. ಸಾವಿರ ಬಾಂಬು ಹಾರಿಸಲು ಎಷ್ಟು ಹೊತ್ತು ಬೇಕು, ಆ ತೆಳು ಗಾಳಿಯಲ್ಲಿ ಪೆಟ್ಟಿಗೆ ಹೊರುವವರ ಸ್ಥಿತಿ ಏನಾಗಿರುತ್ತದೆ ಎಂಬುದನ್ನು ಆಯುಧ ಮುಟ್ಟಿದವನು ಊಹಿಸಬಲ್ಲ. ಮಾರ್ಟರ್ ವಿಭಾಗದ ನಾಯಕ್ ರಾಮ್ ಕುಮಾರ್ ಯಾದವ್ ತೀವ್ರವಾಗಿ ಗಾಯಗೊಂಡು ಬದುಕಿದವರಲ್ಲಿ ಒಬ್ಬರು. ನಾನು ಮೇಲೆ ಕಾಗದದ ಮಾತಾಡಿದೆನಲ್ಲ, ಆ ಏಳು ಬಾಂಬುಗಳೇ ಕೊನೆಗೆ ಸಿಕ್ಕ ದಾಖಲೆ. ಅದನ್ನು ಓದುವುದು ಹೇಗೆಂದು ಸೇನೆಗೆ ಗೊತ್ತಿತ್ತು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅಲ್ಲಿನ 114 ಪದಾತಿ ಬ್ರಿಗೇಡನ್ನು ನಡೆಸುತ್ತಿದ್ದ ಬ್ರಿಗೇಡಿಯರ್ ಟಿ.ಎನ್. ರೈನಾ ಸ್ವತಃ ಕುಮಾವೂನ್ ರೆಜಿಮೆಂಟಿನವರು. ಮುಂದೆ 1975ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಬ್ರಿಗೇಡಿನ ಸಂಖ್ಯೆಯೂ ಮಡಿದವರ ಸಂಖ್ಯೆಯೂ ಒಂದೇ ಆಗಿರುವುದು ಕೇವಲ ಆಕಸ್ಮಿಕ, ಆದರೆ ಓದುವಾಗ ಎದೆಗೆ ತಾಗುತ್ತದೆ. ಹಾಗೆಯೇ ರೆಜಾಂಗ್ ಲಾ ಕಾಳಗದ ದಿನವೇ ಚುಶೂಲಿನ ಬಳಿಯ ಗುರುಂಗ್ ಹಿಲ್‌ನಲ್ಲಿ 8ನೇ ಗೂರ್ಖಾ ರೈಫಲ್ಸ್‌ನ 1ನೇ ಬೆಟಾಲಿಯನ್ ಕಾದಿದ್ದನ್ನು ಮರೆಯಬಾರದು. ಅದೇ ಬೆಟಾಲಿಯನ್ನಿನ ಮೇಜರ್ ಧನ್ ಸಿಂಗ್ ಥಾಪಾ ಒಂದು ತಿಂಗಳ ಹಿಂದೆ ಪ್ಯಾಂಗಾಂಗ್ ಸರೋವರದ ಸಿರಿಜಾಪ್‌ನಲ್ಲಿ ಹೋರಾಡಿ ಸೆರೆ ಸಿಕ್ಕಿದ್ದರು. ಮಡಿದರೆಂದೇ ಭಾವಿಸಿ ಮರಣೋತ್ತರ ಎಂದು ಪರಮ ವೀರ ಚಕ್ರ ಘೋಷಿಸಿದ ಮೇಲೆ, ಅವರು ಜೀವಂತವಾಗಿದ್ದಾರೆಂಬ ಸುದ್ದಿ ಬಂದಿತು. ಬದುಕಿದ್ದವರನ್ನು ಸತ್ತರೆಂದೂ, ಸತ್ಯ ಹೇಳಿದವರನ್ನು ಅನುಮಾನದಿಂದಲೂ ಕಂಡ ಚಳಿಗಾಲ ಅದು.

ಹೊಸ ಓದುಗ

ನನ್ನ ಪ್ರಶ್ನೆಗೆ ಇಷ್ಟು ವಿವರವಾಗಿ ಉತ್ತರಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಂಕಿಯ ಮಾತು ನನಗೆ ತಿಳಿಯಿತು. ಹೆಸರುಗಳನ್ನು ಕೇಳಬಹುದೇ? ಮೇಜರ್ ಶೈತಾನ್ ಸಿಂಗ್ ಅವರ ಹೆಸರು ಬಿಟ್ಟರೆ ಬೇರೆ ಯಾರ ಹೆಸರೂ ನನಗೆ ಗೊತ್ತಿಲ್ಲ ಎಂಬುದು ಈಗ ಹೊಳೆಯಿತು.

ವಿಷಯ ಆರಂಭಿಸಿದವರು

ವೀರ ಚಕ್ರ ಪಡೆದ ಎಂಟು ಮಂದಿಯಿಂದ ಆರಂಭಿಸೋಣ. ಮೂರೂ ಪ್ಲಟೂನ್‌ಗಳನ್ನು ನಡೆಸಿದ ಜಮಾದಾರರಾದ ಸೂರಜಾ ರಾಮ್, ಹರಿ ರಾಮ್, ರಾಮ್ ಚಂದರ್ (ಈ ಹುದ್ದೆಯನ್ನು ಈಗ ನಾಯಬ್ ಸುಬೇದಾರ್ ಎನ್ನುತ್ತಾರೆ). ನಾಯಕ್ ಹುಕುಂ ಚಂದ್, ನಾಯಕ್ ಗುಲಾಬ್ ಸಿಂಗ್, ಸುಬೇದಾರ್ ಸಾಹೇಬರು ಹೇಳಿದ ನಾಯಕ್ ರಾಮ್ ಕುಮಾರ್ ಯಾದವ್, ಲ್ಯಾನ್ಸ್ ನಾಯಕ್ ಸಿಂಗ್ ರಾಮ್, ಮತ್ತು ಧರ್ಮಪಾಲ್ ದಹಿಯಾ. ಇವರ ಜೊತೆ ಸೇನಾ ಪದಕ ಪಡೆದವರೂ ಇದ್ದಾರೆ. ಪದಕ ಸಿಗದವರ ಹೆಸರುಗಳು ಚುಶೂಲಿನ ಕಲ್ಲಿನ ಮೇಲಿವೆ. ಮೇಜರ್ ಅವರ ದೇಹವನ್ನು ಜೋಧಪುರಕ್ಕೆ ಒಯ್ದು ಸೈನಿಕ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸಿದರು. ಉಳಿದವರ ಚಿತೆ ಉರಿದದ್ದು ಚುಶೂಲಿನಲ್ಲೇ. ಹಾಗಾಗಿ ಹಳ್ಳಿಯ ಮನೆಗಳವರಿಗೆ ಕೊನೆಯ ಸಲ ಮುಖ ನೋಡುವುದೂ ಆಗಲಿಲ್ಲ.

ಇತಿಹಾಸ ಅಧ್ಯಾಪಕಿ

2021ರ ನವೆಂಬರ್ 18ರಂದು ನವೀಕರಿಸಿದ ಸ್ಮಾರಕವನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಉದ್ಘಾಟಿಸಿದರು. 13ನೇ ಕುಮಾವೂನಿನ ಹಿರಿಯರಾದ ನಿವೃತ್ತ ಬ್ರಿಗೇಡಿಯರ್ ಆರ್.ವಿ. ಜತಾರ್ ಗಾಲಿಕುರ್ಚಿಯಲ್ಲಿ ಬಂದಿದ್ದರು. ಸಚಿವರೇ ಆ ಕುರ್ಚಿಯನ್ನು ತಳ್ಳಿಕೊಂಡು ಸ್ಮಾರಕದ ಬಳಿಗೆ ಕರೆದೊಯ್ದ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಐವತ್ತೊಂಬತ್ತು ವರ್ಷಗಳ ನಂತರ ಆ ಬೆಟಾಲಿಯನ್ನಿನ ಬದುಕಿದ್ದ ಒಬ್ಬರಿಗೆ ದೇಶ ಕೊಟ್ಟ ಸ್ಥಾನ ಅದು. ನಿಮ್ಮ ಮೊದಲ ಬರಹ ಓದಿದಾಗ ನನಗೆ ನೆನಪಾದದ್ದು ಆ ಚಿತ್ರ.

ಲಡಾಖಿನಲ್ಲಿ ಕೆಲಸ ಮಾಡಿದ ವೈದ್ಯ

ಎಂಟು ಹೆಸರುಗಳಲ್ಲಿ ಕೊನೆಯದನ್ನು ಹುದ್ದೆಯಿಲ್ಲದೆ ಬರೆದಿದ್ದೀರಿ, ಅದನ್ನು ನಾನು ತುಂಬುತ್ತೇನೆ. ಧರ್ಮಪಾಲ್ ದಹಿಯಾ ಕಂಪನಿಯ ಜೊತೆಗಿದ್ದ ನರ್ಸಿಂಗ್ ಅಸಿಸ್ಟೆಂಟ್. ಅವರು ಕುಮಾವೂನ್ ರೆಜಿಮೆಂಟಿನವರಲ್ಲ, ಆರ್ಮಿ ಮೆಡಿಕಲ್ ಕೋರ್‌ನವರು. ಪೂರ್ತಿ ಅಹೀರರ ಬೆಟಾಲಿಯನ್ ಎಂದು ಬರೆಯುವಾಗ ಜಾರಿಹೋಗುವ ಹೆಸರು ಇದು. ಫೆಬ್ರವರಿಯಲ್ಲಿ ಶೋಧ ತಂಡ ಅವರನ್ನು ಕಂಡಾಗ ಅವರ ಒಂದು ಕೈಯಲ್ಲಿ ಬ್ಯಾಂಡೇಜ್, ಇನ್ನೊಂದು ಕೈಯಲ್ಲಿ ಸಿರಿಂಜ್ ಇತ್ತು.